ಲೊವಾರಿಯಾಕ್ಕೆ ಬದರೀನಾಥರು ತೋರಿಸಿದ ಹೂಡಿಕೆದಾರರು

ಬದರೀನಾಥರನ್ನು ಅಮೆರಿಕದ ಲೈಲ್ ಎಂಬ ಊರಿನಲ್ಲಿ ನಾವೆಲ್ಲ ಅಂಕಲ್ ಎಂದೇ ಕರೆಯುತ್ತಿದ್ದೆವು. ಇಲ್ಲಿ ಹೆಸರು ಹಿಡಿದು ಬರೆಯುತ್ತೇನೆ, ಏಕೆಂದರೆ ಅಂಕಲ್ ಎಂದು ಬರೆದುಕೊಂಡು ಒಬ್ಬರನ್ನು ಬೈಯುವುದು ಕಷ್ಟ. ನಾನು ಹೇಳುವುದರಲ್ಲಿ ಸ್ವಲ್ಪ ಭಾಗ ಕಣ್ಣಾರೆ ಕಂಡದ್ದು. ಉಳಿದದ್ದು ಅವರ ಹೆಂಡತಿ ಪದ್ಮ ಆಂಟಿ ಮತ್ತು ಮಿಶಿಗನ್ನಿನ ವಿಕ್ಸಮ್‌ನಲ್ಲಿರುವ ವೆಂಕಟರಾಮು ಅವರು ಬೇರೆ ಬೇರೆಯಾಗಿ ಹೇಳಿದ್ದು. ಇಬ್ಬರ ಮಾತು ಹೊಂದಿದ ಕಡೆ ಬರೆದಿದ್ದೇನೆ, ಹೊಂದದ ಕಡೆ ಬಿಟ್ಟಿದ್ದೇನೆ.

ಬದರೀನಾಥರ ಉದ್ಯೋಗ ಲೊವಾರಿಯಾ ಎಂಬ ಸಣ್ಣ ದ್ವೀಪ ದೇಶದ ಹೂಡಿಕೆಯ ವಾತಾವರಣವನ್ನು ಸುಧಾರಿಸುವುದಾಗಿತ್ತು. ಎಂದರೆ, ಹೊರದೇಶದ ಕಂಪನಿಗಳು ಬಂದು ದುಡ್ಡು ಹಾಕಿ ಕಾರ್ಖಾನೆ ತೆರೆಯಬೇಕಾದರೆ ಆ ದೇಶ ಯಾವ ಕಾನೂನು ಬದಲಿಸಬೇಕು, ಯಾರಿಗೆ ತೆರಿಗೆ ಬಿಡಬೇಕು, ಎಲ್ಲಿ ಜಾಗ ಕೊಡಬೇಕು ಎಂದು ಹೇಳಿಕೊಡುವುದು. ಅದಕ್ಕಾಗಿ ಆ ದೇಶದ ಸರ್ಕಾರ ಅವರಿಗೆ ಮೂರು ವರ್ಷದ ಗುತ್ತಿಗೆ ಕೊಟ್ಟಿತ್ತು. ಆಫೀಸು ಅವರ ಮನೆಯ ಬೇಸ್‌ಮೆಂಟಿನಲ್ಲಿ, ಯಾರೂ ಹತ್ತದ ಟ್ರೆಡ್‌ಮಿಲ್ಲಿನ ಪಕ್ಕದಲ್ಲಿತ್ತು. ಗೋಡೆಯ ಮೇಲೆ ಲೊವಾರಿಯಾದ ಭೂಪಟ ಇತ್ತು. ಆ ದೇಶಕ್ಕೆ ಅವರು ಹೋಗಿದ್ದು ಒಂದೇ ಸಲ. ಆಗಲೂ ಹೋಟೆಲಿನಿಂದ ಹೊರಗೆ ಬಂದದ್ದು ಕಡಿಮೆ, ಅಲ್ಲಿಯ ಮೀನಿನ ವಾಸನೆ ಅವರಿಗೆ ಆಗಲಿಲ್ಲವಂತೆ.

ಈ ಕೆಲಸವನ್ನು ಅವರು ಕಲಿತದ್ದು ಮೈಸೂರಿನ ಹೊರವಲಯದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಹೆಸರಿಗೆ ಅವರು ಅಲ್ಲಿ ಅಧ್ಯಾಪಕರು. ನಿಜವಾದ ಕೆಲಸ ವರ್ಷಕ್ಕೊಮ್ಮೆ ಬರುವ ಇನ್ಸ್‌ಪೆಕ್ಷನ್ ತಂಡಕ್ಕೆ ಕಾಲೇಜನ್ನು ಸಜ್ಜುಗೊಳಿಸುವುದು. ಲೇತ್ ಯಂತ್ರಗಳನ್ನು ಪಕ್ಕದ ಪಾಲಿಟೆಕ್ನಿಕ್ಕಿನಿಂದ ಲಾರಿಯಲ್ಲಿ ತರಿಸುವುದು, ಲೈಬ್ರರಿಗೆ ಪುಸ್ತಕದಂಗಡಿಯಿಂದ ಒಂದು ದಿನದ ಮಟ್ಟಿಗೆ ಪುಸ್ತಕ ತುಂಬಿಸುವುದು, ಬೇರೆ ಕಾಲೇಜಿನ ಮೇಷ್ಟ್ರುಗಳಿಗೆ ಹೊಸ ಹೆಸರಿನ ಫಲಕ ಕೊಟ್ಟು ಕೂರಿಸುವುದು, ಗೇಟಿನಿಂದ ಪ್ರಿನ್ಸಿಪಾಲರ ಕೋಣೆಯವರೆಗೆ ಹೂವಿನ ಕುಂಡ ಇಡಿಸುವುದು, ಕೊನೆಗೆ ಒಳ್ಳೆಯ ಊಟ. ತಂಡ ಸಂತೋಷದಿಂದ ಹೋಗುತ್ತಿತ್ತು. ಅದರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಲೇತ್ ಮತ್ತೆ ಲಾರಿ ಹತ್ತುತ್ತಿತ್ತು. ಇದನ್ನು ಅವರು ಮುಚ್ಚಿಡಲಿಲ್ಲ. ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ತಟ್ಟೆ ಹಿಡಿದುಕೊಂಡು ಹೇಳುತ್ತಿದ್ದರು.

"ಇನ್ಸ್‌ಪೆಕ್ಷನ್ ಅನ್ನೋದು ಮದುವೆ ಇದ್ದ ಹಾಗೆ ಕಣ್ರೀ. ಒಂದು ದಿನ ಚೆನ್ನಾಗಿ ಕಂಡ್ರೆ ಸಾಕು."

ಕೇಳಿದವರೆಲ್ಲ ನಗುತ್ತಿದ್ದರು. ಅವರಲ್ಲಿ ಅರ್ಧ ಜನ ಅಂಥ ಕಾಲೇಜುಗಳಲ್ಲೇ ಓದಿ ಬಂದವರು.

ಅಮೆರಿಕಕ್ಕೆ ಬಂದು ಅವರು ಲೈಲ್‌ನ ಒಂದು ಟೆಲಿಫೋನ್ ಕಂಪನಿಯಲ್ಲಿ ಸೇರಿದರು. ಹಿಂದಿನ ಆರ್ಥಿಕ ಮಾಂದ್ಯದಲ್ಲಿ ಆ ಕೆಲಸ ಹೋಯಿತು. ಅಂದಿನಿಂದ ಅವರು ಕನ್ಸಲ್ಟೆಂಟ್. ಹತ್ತಿರದ ಓಕ್ ಬ್ರೂಕ್‌ನ ಒಂದು ಹೋಟೆಲಿನಲ್ಲಿ ನಡೆದ ವ್ಯಾಪಾರ ಮೇಳದಲ್ಲಿ ಲೊವಾರಿಯಾದ ಮಳಿಗೆಗೆ ಯಾರೂ ಹೋಗದೆ ಇದ್ದಾಗ ಇವರೊಬ್ಬರು ಹೋಗಿ ಕುಳಿತರು. ಗುತ್ತಿಗೆ ಸಿಕ್ಕಿದ್ದು ಹಾಗೆ.

ಲೊವಾರಿಯಾದವರು ಒಳ್ಳೆಯ ವಿದ್ಯಾರ್ಥಿಗಳಂತೆ ಇವರು ಹೇಳಿದ್ದನ್ನೆಲ್ಲ ಮಾಡಿದರು. ಹೊರದೇಶದ ಕಂಪನಿಗಳಿಗೆ ಹತ್ತು ವರ್ಷ ತೆರಿಗೆ ಇಲ್ಲ ಎಂದರು. ಕಂಪನಿ ನೋಂದಣಿ ಮೂರು ದಿನದಲ್ಲಿ ಮುಗಿಯುವಂತೆ ಕಾನೂನು ತಿದ್ದಿದರು. ಅವರ ವಾಣಿಜ್ಯ ಇಲಾಖೆಯಲ್ಲಿ ಮೊದಲಿನಿಂದಲೂ ಇದ್ದದ್ದು ಒಂದೇ ಕಿಟಕಿ. ಅದರ ಮೇಲೆ ಏಕಗವಾಕ್ಷಿ ಸೇವೆ ಎಂದು ಬೋರ್ಡ್ ಹಾಕಿಸಿ ಬದರೀನಾಥರು ಅದನ್ನೂ ಸುಧಾರಣೆಯ ಲೆಕ್ಕಕ್ಕೆ ಸೇರಿಸಿದರು. ಎಲ್ಲಕ್ಕಿಂತ ದೊಡ್ಡದು ಬಂದರಿನ ಕೈಗಾರಿಕಾ ಪ್ರದೇಶ. ಅಲ್ಲಿನ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಿದ್ದರು. ಅವರನ್ನು ಗುಡ್ಡದ ಹಿಂದಕ್ಕೆ ಕಳಿಸಿ, ಮರಳಿಗೆ ಡಾಂಬರು ಹಾಕಿ, ಬೇಲಿ ಎಳೆದು, ಬೀದಿ ದೀಪ ನಿಲ್ಲಿಸಿದರು. ಗುಡ್ಡದ ಹಿಂದೆ ಬಿಸಿಲು ಕಡಿಮೆ. ಇದು ಬದರೀನಾಥರ ವರದಿಯಲ್ಲಿ ಇರಲಿಲ್ಲ.

ದೇಶಗಳಿಗೆ ಅಂಕ ಕೊಡುವ ಒಂದು ಸಂಸ್ಥೆಯ ಪಟ್ಟಿಯಲ್ಲಿ ಲೊವಾರಿಯಾ ಮೇಲೆ ಹೋಯಿತು. ಬೇಸ್‌ಮೆಂಟಿನಲ್ಲಿ ಕೇಕ್ ಕತ್ತರಿಸಿದರು. ಹೂಡಿಕೆದಾರರು ಮಾತ್ರ ಬರಲಿಲ್ಲ. ಆದರೂ ಮೂರು ತಿಂಗಳಿಗೊಮ್ಮೆ ಇವರು ಇಂತಿಷ್ಟು ಮಂದಿ ತೀವ್ರ ಆಸಕ್ತಿ ತೋರಿಸಿದ್ದಾರೆ ಎಂದು ಬರೆದು ಕಳಿಸುತ್ತಿದ್ದರು. ಆ ಆಸಕ್ತಿ ಹೇಗೆ ಹುಟ್ಟುತ್ತಿತ್ತು ಎಂದು ಪದ್ಮ ಆಂಟಿ ಹೇಳಿದರು. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಇವರು ಲೊವಾರಿಯಾ ಎನ್ನುವರು. ಪಕ್ಕದವರು ಪ್ರಸಾದ ಬಾಯಿಗಿಡುತ್ತ "ಹೌದಾ, ಇಂಟರೆಸ್ಟಿಂಗ್" ಎನ್ನುವರು. ಅಷ್ಟೇ. ಒಬ್ಬ ಹೂಡಿಕೆದಾರ ವರದಿಯಲ್ಲಿ ಹುಟ್ಟಿಬಿಡುವನು.

ಎರಡು ಸಾವಿರದ ಒಂಬತ್ತರ ವಸಂತದಲ್ಲಿ ಲೊವಾರಿಯಾದಿಂದ ಫೋನ್ ಬಂತು. ಹೂಡಿಕೆ ಮಂಡಳಿಯ ನಿರ್ದೇಶಕಿ ಇಲೇನಾ ಸಾರೂ ಎಂಬವರು ಆಗಸ್ಟಿನಲ್ಲಿ ಬಂದು, ಆಸಕ್ತಿ ತೋರಿಸಿದವರನ್ನು ತಾವೇ ಭೇಟಿಯಾಗುತ್ತಾರಂತೆ. ಗುತ್ತಿಗೆಯನ್ನು ಮುಂದುವರಿಸುವುದೋ ಬಿಡುವುದೋ ಎಂದು ಸೆಪ್ಟೆಂಬರಿನಲ್ಲಿ ಅವರ ಸಂಸತ್ತು ತೀರ್ಮಾನಿಸುತ್ತದಂತೆ. ಆ ವರ್ಷ ಇಪ್ಪತ್ತೈದರ ಹುಡುಗರಿಗೇ ಕೆಲಸ ಸಿಗುತ್ತಿರಲಿಲ್ಲ. ಬದರೀನಾಥರಿಗೆ ಐವತ್ತೈದು. ಈ ಗುತ್ತಿಗೆ ಹೋದರೆ ಅವರಿಗೆ ಇನ್ನೊಂದು ಬಾಗಿಲು ಇರಲಿಲ್ಲ.

"ಈಗೇನ್ರೀ ಮಾಡ್ತೀರಿ? ಯಾರಿದಾರೆ ತೋರ್ಸಕ್ಕೆ?" ಎಂದು ಪದ್ಮ ಆಂಟಿ ಕೇಳಿದರು.

"ಇನ್ಸ್‌ಪೆಕ್ಷನ್ ತಾನೆ? ಎಷ್ಟು ಮಾಡ್ಸಿಲ್ಲ ನಾನು."

"ಅಲ್ಲಿ ಲೇತ್ ಎರವಲು ತರ್ತಿದ್ರಿ. ಇಲ್ಲಿ ಶ್ರೀಮಂತರನ್ನ ಎರವಲು ತರ್ತೀರಾ?"

"ತಂದ್ರಾಯ್ತು. ಅದಕ್ಕೇನೀಗ."

ಮೆಟ್ಟಿಲ ಮೇಲೆ ಕುಳಿತಿದ್ದ ಮಗಳು ಮಾನ್ಯಾ ಫೋನಿನಿಂದ ತಲೆ ಎತ್ತಿದಳು. "ಡ್ಯಾಡ್, ಈಸ್ ದಟ್ ಈವನ್ ಲೀಗಲ್?"

"ನೀನು ಹೋಗಿ ಓದ್ಕೊಳಮ್ಮ."

ನಿಜವಾದ ಶ್ರೀಮಂತರು ನಮ್ಮಲ್ಲಿ ಇರಲಿಲ್ಲ ಎಂದಲ್ಲ. ಓಕ್ ಬ್ರೂಕ್‌ನಲ್ಲಿ ಹೃದಯದ ಡಾಕ್ಟರು ಶೇಷಾದ್ರಿ ಇದ್ದರು. ಅವರ ಮನೆಗೆ ನಾಲ್ಕು ಗ್ಯಾರೇಜು. ಬದರೀನಾಥರು ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತಿತ್ತು: "ಡಾಕ್ಟ್ರು ಹಾಕ್ತಾರಾ? ಅವರು ಹಾಕಿದ್ರೆ ನಮ್ದೂ ಇರ್ಲಿ." ಆ ದೇಶ ಎಲ್ಲಿದೆ, ಅಲ್ಲಿ ಕಾನೂನು ಹೇಗಿದೆ, ಬಂದರು ಎಷ್ಟು ಆಳ, ಇದನ್ನು ಒಬ್ಬರೂ ಕೇಳಲಿಲ್ಲ. ಒಂದು ದೇಶ ಮೂರು ವರ್ಷ ಕೂತು ಕಾನೂನು ತಿದ್ದಿತ್ತು. ನಮ್ಮವರಿಗೆ ಬೇಕಾಗಿದ್ದ ವಾತಾವರಣ ಶೇಷಾದ್ರಿಯವರ ಮುಖವೊಂದೇ. ಡಾಕ್ಟರನ್ನು ಕೇಳಿದಾಗ ಅವರು, "ನೋಡಿ ಬದರಿ, ಮೊದ್ಲು ಒಂದು ನಾಲ್ಕು ಜನ ಮುಂದೆ ಬರ್ಲಿ. ಆಮೇಲೆ ನಾನು ಇದ್ದೇ ಇದೀನಿ. ಮೀಟಿಂಗ್ ಬೇಕಾದ್ರೆ ನಮ್ಮ ಮನೆ ಲಾನ್‌ನಲ್ಲೇ ಇಟ್ಕೊಳ್ಳಿ, ಟೆಂಟ್ ಹಾಕ್ಸಿ" ಎಂದರು. ಹೀಗೆ ಎಲ್ಲರೂ ಅವರನ್ನು ಕಾದರು, ಅವರು ಎಲ್ಲರನ್ನೂ ಕಾದರು, ಮತ್ತು ಎಲ್ಲರೂ ತಮ್ಮನ್ನು ಜಾಣರೆಂದು ತಿಳಿದರು.

ಹಾಗಾಗಿ ಬದರೀನಾಥರು ಡೆಟ್ರಾಯ್ಟಿನ ಕಡೆ ತಿರುಗಿದರು. ಕಾರು ಕಂಪನಿಗಳೇ ದಿವಾಳಿಯಾಗುತ್ತಿದ್ದ ಆ ವರ್ಷ ಡೆಟ್ರಾಯ್ಟಿಗೆ ಹೂಡಿಕೆದಾರರನ್ನು ಹುಡುಕಿಕೊಂಡು ಹೋದ ಮನುಷ್ಯ ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು.

ಅದರ ಹತ್ತಿರದ ವಿಕ್ಸಮ್‌ನಲ್ಲಿ ಡಂಬ್ರೌಸ್ಕಿ ಎಂಬವರ ಪ್ರೆಸ್ ಶಾಪ್, ಎಂದರೆ ಉಕ್ಕಿನ ತಗಡು ಒತ್ತಿ ಬಿಡಿಭಾಗ ಮಾಡುವ ಕಾರ್ಖಾನೆ ಇತ್ತು. ಕಾರಿನ ಬಾಗಿಲು ತೂಗುವ ಕೀಲು, ಹಿಂಜ್ ತಯಾರಿಸುತ್ತಿದ್ದರು. ಕಾರು ಕಂಪನಿಗಳಿಂದ ಆರ್ಡರ್ ನಿಂತು, ಫೆಬ್ರವರಿಯಲ್ಲಿ ಎಲ್ಲರನ್ನೂ ಮನೆಗೆ ಕಳಿಸಿದ್ದರು. ಅಲ್ಲಿ ಡೈ ಎಂಬ ಉಕ್ಕಿನ ಅಚ್ಚುಗಳ ವಿಭಾಗದ ಮೇಲ್ವಿಚಾರಕರಾಗಿದ್ದವರು ಮಂಡ್ಯ ಕಡೆಯ ವೆಂಕಟರಾಮು. ಕೆಲಸ ಹೋದ ಮೇಲೂ ಅವರು ವಾರಕ್ಕೊಮ್ಮೆ ಹೋಗಿ ಪ್ರೆಸ್‌ಗಳಿಗೆ ಎಣ್ಣೆ ಬಿಟ್ಟು ಬರುತ್ತಿದ್ದರು, ಸಂಬಳವಿಲ್ಲದೆ. ತುಕ್ಕು ಹಿಡಿದರೆ ಯಾರೂ ಕೊಳ್ಳುವುದಿಲ್ಲ, ಯಾರಾದರೂ ಕೊಂಡರೆ ಜೊತೆಗೆ ತನ್ನನ್ನೂ ಕರೆದಾರು ಎಂಬುದು ಅವರ ಆಸೆ.

ಬದರೀನಾಥರು ಎರಡು ಕಡೆಗೂ ಎರಡು ಮಾತು ಹೇಳಿದರು. ಡಂಬ್ರೌಸ್ಕಿಗೆ, ಒಂದು ದೇಶವೇ ನಿಮ್ಮ ಪ್ರೆಸ್‌ಗಳನ್ನು ಕೊಳ್ಳಲು ಬರುತ್ತಿದೆ ಎಂದರು. ಲೊವಾರಿಯಾಕ್ಕೆ, ಒಬ್ಬ ದೊಡ್ಡ ಕೈಗಾರಿಕೋದ್ಯಮಿ ನಿಮ್ಮಲ್ಲಿ ದುಡ್ಡು ಹಾಕಲು ಕಾದಿದ್ದಾನೆ ಎಂದರು. ಇಬ್ಬರ ಕೈಯೂ ಖಾಲಿ. ಇಬ್ಬರೂ ಎದುರಿನವರು ಕೊಡುತ್ತಾರೆ ಎಂದು ಕೈ ಚಾಚಿಕೊಂಡು ಬಂದರು. ವೆಂಕಟರಾಮುಗೆ ಅವರು ಈ ಎರಡು ಮಾತಿನ ಗುಟ್ಟು ಹೇಳಲಿಲ್ಲ. "ಕಾರ್ಖಾನೆ ಅಲ್ಲಿಗೆ ಹೋದ್ರೆ ನೀವೇ ಮ್ಯಾನೇಜರ್" ಎಂದರು.

ವೆಂಕಟರಾಮು ಮನೆಗೆ ಹೋಗಿ ಹೆಂಡತಿಗೆ ಹೇಳಿದರು. ಕೆಂಪಮ್ಮ ಬಹಳ ಹೊತ್ತು ಯೋಚಿಸಿ, "ಯಾವ ದೇಶಾನೋ ಏನೋ. ಅಲ್ಲಿ ರಾಗಿ ಸಿಕ್ಕತ್ತಾ ಕೇಳಿ ಮೊದ್ಲು" ಎಂದರು.

ಅವರು ನಿಜವಾಗಿ ಕೇಳಿದರು. ಬದರೀನಾಥರು, "ರಾಗಿ ಏನ್ರೀ, ಹತ್ತು ವರ್ಷ ಟ್ಯಾಕ್ಸೇ ಇಲ್ಲ" ಎಂದರು.

ಆಗಸ್ಟಿನಲ್ಲಿ ಸಾರೂ ಅವರು ಬಂದ ಶನಿವಾರ ಡಂಬ್ರೌಸ್ಕಿಯವರ ಶಾಪನ್ನು ಒಂದು ದಿನದ ಮಟ್ಟಿಗೆ ಓಡಿಸಿದರು. ವೆಂಕಟರಾಮು ಫೋನ್ ಮಾಡಿ, ನೋವಿ, ವಿಕ್ಸಮ್ ಊರುಗಳ ಸುತ್ತಮುತ್ತ ಕೆಲಸ ಕಳೆದುಕೊಂಡಿದ್ದ ನಮ್ಮವರನ್ನೆಲ್ಲ ಕರೆಸಿದ್ದರು. ಗಿರೀಶ, ನಂದನ್ ಮೊದಲಾದವರು. ಅವರೆಲ್ಲ ಕಂಪ್ಯೂಟರ್ ಮುಂದೆ ಕುಳಿತು ಕೆಲಸ ಮಾಡಿದವರು, ಪ್ರೆಸ್ ಮುಟ್ಟಿದವರಲ್ಲ. ನೀಲಿ ಕೋಟು ಹಾಕಿಕೊಂಡು ನಿಂತರು. ಇದ್ದ ಉಕ್ಕಿನ ತಗಡು ಸ್ವಲ್ಪವೇ ಆದ್ದರಿಂದ ಒಂದೇ ಪ್ರೆಸ್ ನಿಜವಾಗಿ ಒತ್ತಿತು. ಉಳಿದವು ಸುಮ್ಮನೆ ಸದ್ದು ಮಾಡಿದವು. ಹಳೆಯ ಹಿಂಜ್‌ಗಳ ಗಾಡಿಯನ್ನು ಒಬ್ಬ ಮುಂದಿನ ಬಾಗಿಲಿನಿಂದ ಹಿಂದಕ್ಕೆ ತಳ್ಳಿಕೊಂಡು ಹೋಗಿ, ಹೊರಗಿನಿಂದ ಸುತ್ತಿ ಬಂದು, ಮತ್ತೆ ಮುಂದಿನಿಂದ ತಳ್ಳುತ್ತಿದ್ದ. ಗೇಟಿನಲ್ಲಿ ಹೂವಿನ ಕುಂಡಗಳಿದ್ದವು.

ಸಾರೂ ಅವರು ಗಿಡ್ಡ ಹೆಂಗಸು, ಮಾತು ಕಡಿಮೆ. ತಗ್ಗು ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಇಡೀ ಶಾಪನ್ನು ನಿಧಾನವಾಗಿ ಸುತ್ತಿದರು. ವೆಂಕಟರಾಮು ಅವರಿಗೆ ಪ್ರೆಸ್ ತೋರಿಸಿದರು. ಡೈ ಹೇಗೆ ಕೂರಿಸುತ್ತಾರೆ, ಕೈ ಹಾಕುವ ಮೊದಲು ಫ್ಲೈವೀಲ್ ಎಂಬ ಭಾರದ ಚಕ್ರ ಪೂರ್ತಿ ನಿಲ್ಲುವವರೆಗೆ ಯಾಕೆ ಕಾಯಬೇಕು, ಹೊಸಬರಿಗೆ ಏನು ಮೊದಲು ಕಲಿಸಬೇಕು ಎಂದು ಹೇಳುತ್ತ ಹೋದರು. ಅವರಿಗೆ ನಾಟಕ ಮರೆತೇಹೋಗಿತ್ತು. ಆಕೆ ಎರಡು ಪ್ರಶ್ನೆ ಕೇಳಿದರು, ಅವರು ಎರಡಕ್ಕೂ ಸರಿಯಾಗಿ ಉತ್ತರಿಸಿದರು. ನನಗೆ ತಿಳಿದ ಮಟ್ಟಿಗೆ ಆಕೆಯ ಇಡೀ ಪ್ರವಾಸದಲ್ಲಿ ಯಾರಾದರೂ ಆಕೆಗೆ ನಿಜ ಹೇಳಿದ್ದು ಅದೇ ಮೊದಲು.

ಹೊರಡುವಾಗ ಡಂಬ್ರೌಸ್ಕಿ ಆಕೆಯ ಕೈ ಕುಲುಕಿ, "ಬೆಲೆಯ ವಿಷಯದಲ್ಲಿ ನಾನು ಹಟ ಮಾಡುವುದಿಲ್ಲ, ನಿಮ್ಮಿಂದ ಏನಾಗುತ್ತದೋ ಹೇಳಿ" ಎಂದರು.

"ಯಾವುದರ ಬೆಲೆ?" ಎಂದು ಆಕೆ ಕೇಳಿದರು.

ಬದರೀನಾಥರು ನಡುವೆ ನುಗ್ಗಿ, "ನಿಮ್ಮ ಜಮೀನಿನ ಬೆಲೆ ಮೇಡಂ. ಇವರು ಬಹಳ ವಿನಯದ ಮನುಷ್ಯ" ಎಂದು ಆಕೆಯನ್ನು ಕಾರಿನತ್ತ ನಡೆಸಿದರು.

ಮರುದಿನ ಮಧ್ಯಾಹ್ನ ಓಕ್ ಬ್ರೂಕ್‌ನಲ್ಲಿ ಡಾಕ್ಟರ ಮನೆಯಲ್ಲಿ ಹೂಡಿಕೆದಾರರ ಸಮಾವೇಶ. ಅದಕ್ಕೆ ಜನ ಸಾಲದು. ಊಟಕ್ಕೆ ಬರುವವರು ಬೇಕಾದಷ್ಟಿದ್ದರು, ಹೂಡಿಕೆದಾರ ಎಂಬ ಬ್ಯಾಡ್ಜ್ ಹಾಕಿಕೊಳ್ಳಲು ಒಬ್ಬರೂ ಒಪ್ಪಲಿಲ್ಲ, ಆಮೇಲೆ ನಿಜವಾಗಿ ದುಡ್ಡು ಕೇಳಿಬಿಟ್ಟರೆ ಎಂದು. ಆದ್ದರಿಂದ ಬದರೀನಾಥರು ಆ ಸಂಜೆ ವಿಕ್ಸಮ್‌ನವರನ್ನೇ ನಿಲ್ಲಿಸಿಕೊಂಡು, ನಾಳೆ ನೀವೇ ಸೂಟು ಹಾಕಿಕೊಂಡು ಬನ್ನಿ ಎಂದರು. ಮೈಸೂರಿನಲ್ಲಿ ಅವರು ಮಾಡುತ್ತಿದ್ದುದೂ ಇದನ್ನೇ. ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಕುಳಿತ ಮೇಷ್ಟ್ರು ಮಧ್ಯಾಹ್ನ ಇನ್ಸ್‌ಪೆಕ್ಟರಿಗಿಂತ ಮೊದಲೇ ಇನ್ನೊಂದು ಕಾಲೇಜು ಸೇರುತ್ತಿದ್ದರು.

"ಗುರುತು ಹಿಡಿಯಲ್ವಾ ಸಾರ್?" ಎಂದ ನಂದನ್.

"ನೀಲಿ ಕೋಟ್ ಹಾಕಿದ ಇಂಡಿಯನ್ಸ್ ಎಲ್ಲ ಒಂದೇ ಥರ ಕಾಣ್ತಾರೆ. ಸೂಟ್ ಹಾಕಿದೋರೂ ಅಷ್ಟೇ. ತೊಂದ್ರೆ ಇರೋದು ರಾಮು ಒಬ್ರದ್ದೇ. ಅವಳು ನಿಮ್ಮ ಮುಖ ಚೆನ್ನಾಗಿ ನೋಡ್ಬಿಟ್ಟಿದಾಳೆ. ಮೀಸೆ ತೆಗ್ದ್‌ಬಿಡಿ ರಾಮು."

ವೆಂಕಟರಾಮು ಗಾಬರಿಯಾದರು. "ಸಾರ್! ನಮ್ಮಪ್ಪ ಇನ್ನೂ ಇದಾರೆ."

"ಇರ್ಲಿ, ಚೆನ್ನಾಗಿರ್ಲಿ. ಅವರಿಗೇನು ಮಂಡ್ಯಕ್ಕೆ ಕಾಣ್ಸತ್ತಾ?"

"ಅಪ್ಪ ಬದ್ಕಿರೋವಾಗ ಮೀಸೆ ತೆಗೆಯೋದು ಉಂಟಾ ಸಾರ್? ಕೆಂಪಮ್ಮ ಮನೆ ಒಳಗೇ ಬಿಡಲ್ಲ."

"ರೀ, ಒಂದು ದೇಶದ ಭವಿಷ್ಯ ರೀ ಇದು!"

"ನಮ್ಮಪ್ಪಂದೂ ಆಯಸ್ಸಲ್ವಾ ಸಾರ್."

ಗಿರೀಶ ನಗು ತಡೆಯಲಾರದೆ, "ಬದರಿ ಸಾರ್, ನಿಮ್ದು ತೆಗೆದು ಅವರಿಗೆ ಧೈರ್ಯ ಕೊಡಿ" ಎಂದ. ಬದರೀನಾಥರಿಗೆ ಮೀಸೆ ಇರಲಿಲ್ಲ, ಆದರೆ ಸಿಟ್ಟು ಬಂತು. ಕೊನೆಗೆ ಗಿರೀಶನ ಓದುವ ಕನ್ನಡಕವನ್ನು ವೆಂಕಟರಾಮುಗೆ ಹಾಕಿಸುವುದು ಎಂದಾಯಿತು. ಅದನ್ನು ಹಾಕಿಕೊಂಡರೆ ಅವರಿಗೆ ಎದುರಿನವರ ಮುಖವೇ ಕಾಣುತ್ತಿರಲಿಲ್ಲ. ಒಬ್ಬ ಮನುಷ್ಯ ಸುಳ್ಳು ಹೇಳಲು ಬರುತ್ತೇನೆ ಎಂದು ಒಪ್ಪುತ್ತಾನೆ, ಮೀಸೆ ತೆಗೆಯಲು ಒಪ್ಪುವುದಿಲ್ಲ. ನಮ್ಮವರ ಧರ್ಮ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂದು ನಾನು ಬಹಳ ಯೋಚಿಸಿದ್ದೇನೆ, ತಿಳಿದಿಲ್ಲ.

ಭಾನುವಾರ ಬೆಳಿಗ್ಗೆ ಅವರು ಬಾಡಿಗೆ ವ್ಯಾನಿನಲ್ಲಿ ಐದು ಗಂಟೆ ದೂರದ ಓಕ್ ಬ್ರೂಕ್‌ಗೆ ಹೊರಟರು. ಸೂಟುಗಳು ಹಿಂದೆ ಹ್ಯಾಂಗರಿನಲ್ಲಿ ತೂಗಾಡುತ್ತಿದ್ದವು. ಗಿರೀಶ ಡ್ರೈವ್ ಮಾಡುತ್ತ ಎಲ್ಲರ ಪಾಠ ಒಪ್ಪಿಸಿಕೊಂಡ: ನಾನು ಪ್ಯಾಕೇಜಿಂಗು, ನೀನು ಔಷಧಿ, ನೀನು ತಂಪು ಪಾನೀಯ, ರಾಮಣ್ಣ ನೀವು ಹೋಟೆಲು. ಇಂಡಿಯಾನಾ ಗಡಿ ದಾಟಿದಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅದೂ ಲಾಭ. ಹಿಂದಿನಿಂದ ಬದರೀನಾಥರು ಸಾರೂ ಅವರನ್ನು ಕಾರಿನಲ್ಲಿ ಆದಷ್ಟು ನಿಧಾನವಾಗಿ ಕರೆತಂದರು. ಮಿಶಿಗನ್ ಸಿಟಿಯಲ್ಲಿ ಸರೋವರ ತೋರಿಸಿದರು, ಔಟ್‌ಲೆಟ್ ಮಾಲ್ ತೋರಿಸಿದರು. ಆಕೆ ಏನನ್ನೂ ಕೊಳ್ಳಲಿಲ್ಲ.

ಸಮಾವೇಶಕ್ಕೆ ನಾನೂ ಹೋಗಿದ್ದೆ. ಕೋಸಂಬರಿ ನಮ್ಮಮ್ಮನದು. ಎಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಟೆಂಟಿನ ಕೆಳಗೆ ಸೂಟು ಹಾಕಿಕೊಂಡ ಹತ್ತು ಜನ ಮುಂದಿನ ಸಾಲಿನಲ್ಲಿ ಬೆವರುತ್ತ ಕುಳಿತಿದ್ದರು. ನಮಗೆಲ್ಲ ಅವರು ಯಾರೆಂದು ಗೊತ್ತು. ಎಲ್ಲರಿಗೂ ಗೊತ್ತಿತ್ತು ಎಂಬುದನ್ನು ನಾನು ಬಿಡದೆ ಬರೆಯಬೇಕು. ಬಿಸಿಬೇಳೆಬಾತು ಬಡಿಸುತ್ತಿದ್ದವರಿಗೂ ಗೊತ್ತಿತ್ತು. ಒಬ್ಬ ಆಂಟಿ ನಂದನ್‌ನ ಬ್ಯಾಡ್ಜ್ ಓದಿ, "ಓ, ಔಷಧಿ ಕಂಪನಿ ಓನರ್ರು! ನಮ್ಮೆಜಮಾನ್ರಿಗೊಂದು ಕೆಲಸ ಕೊಡ್ಸಪ್ಪ" ಎಂದರು. ಸುತ್ತಲಿದ್ದವರು ನಕ್ಕರು. ಯಾರಿಗೂ ಇದು ತಪ್ಪು ಅನ್ನಿಸಲಿಲ್ಲ. ಮೋಸಹೋಗಬೇಕಾದವರು ಬೇರೆ ದೇಶದವರು, ಊಟ ನಮ್ಮದು.

ಶೇಷಾದ್ರಿಯವರು ಬಡ ದೇಶಗಳ ಬಗ್ಗೆ ತಮಗಿರುವ ಪ್ರೀತಿಯನ್ನು ಕುರಿತು ಮಾತನಾಡಿದರು. ಬದರೀನಾಥರು ಲೊವಾರಿಯಾದ ವಾತಾವರಣ ಹೇಗೆ ಸುಧಾರಿಸಿದೆ ಎಂದು ಪರದೆಯ ಮೇಲೆ ಗೆರೆಗಳನ್ನು ತೋರಿಸಿದರು. ಎಲ್ಲ ಗೆರೆಗಳೂ ಮೇಲಕ್ಕೆ ಹೋಗುತ್ತಿದ್ದವು. ಆಮೇಲೆ ಸಾರೂ ಅವರು ಎದ್ದು ಮೈಕ್ ಕೇಳಿದರು. ಹೂಡಿಕೆದಾರರು ಒಬ್ಬೊಬ್ಬರಾಗಿ ತಾವು ಏನು ತೆರೆಯುತ್ತೀರಿ, ನಮ್ಮವರಲ್ಲಿ ಎಷ್ಟು ಜನಕ್ಕೆ ಕೆಲಸ ಕೊಡುತ್ತೀರಿ ಎಂದು ಹೇಳಬೇಕು ಎಂದರು.

ಮೈಕ್ ಕೈಗೆ ಬಂದರೆ ನಮ್ಮವರು ಬಿಡುವುದಿಲ್ಲ. ಗಿರೀಶ ಪ್ಯಾಕೇಜಿಂಗಿನಲ್ಲಿ ನಲವತ್ತು ಜನಕ್ಕೆ ಎಂದ. ನಂದನ್ ಔಷಧಿಯಲ್ಲಿ ನೂರು ಎಂದ. ಮೂರನೆಯವನು ಹಿಂದೆ ಬೀಳಬಾರದೆಂದು ಮುನ್ನೂರು ಎಂದ. ಪ್ರತಿ ಸಲವೂ ಚಪ್ಪಾಳೆ ಬಿತ್ತು, ಮೊದಲು ತಟ್ಟಿದವರು ಬದರೀನಾಥರು. ಡಾಕ್ಟರ ಸರದಿ ಬಂದಾಗ ಅವರು, "ನಾನು ಎಲ್ಲರ ಜೊತೆಗೂ ಇದ್ದೇನೆ" ಎಂದು ಕುಳಿತರು. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ.

ಸಾರೂ ಅವರು ವೆಂಕಟರಾಮು ಮುಂದೆ ಬಂದು ನಿಂತರು. ಬ್ಯಾಡ್ಜಿನಲ್ಲಿ ಹೋಟೆಲ್ ಉದ್ಯಮಿ ಎಂದಿತ್ತು.

"ನಿನ್ನೆ ನೀವು ಫ್ಲೈವೀಲ್ ನಿಲ್ಲುವವರೆಗೆ ಕಾಯಬೇಕು ಅಂದಿರಿ," ಎಂದರು ಆಕೆ ಇಂಗ್ಲಿಷಿನಲ್ಲಿ, ಮೈಕ್ ಇಲ್ಲದೆ. ಎರಡನೆಯ ಸಾಲಿನಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. "ಈ ದಿನ ನೀವು ಯಾರು?"

ವೆಂಕಟರಾಮು ಬದರೀನಾಥರ ಕಡೆ ತಿರುಗಿದರು. ಕನ್ನಡಕದಲ್ಲಿ ಅವರು ಕಾಣಿಸಿರಲಿಕ್ಕಿಲ್ಲ. ಅದನ್ನು ತೆಗೆದು ಜೇಬಿಗಿಟ್ಟುಕೊಂಡರು.

"ಮೇಡಂ, ನನಗೆ ಫೆಬ್ರವರಿಯಿಂದ ಕೆಲಸ ಇಲ್ಲ. ಇವರಿಗೂ ಯಾರಿಗೂ ಇಲ್ಲ. ಆ ಪ್ರೆಸ್‌ಗಳು ನಿಮ್ಮ ದೇಶಕ್ಕೆ ಹೋದರೆ ಅವುಗಳ ಜೊತೆ ನಾನೂ ಬರಬಹುದು ಅಂತ ಬಂದೆ."

"ಪ್ರೆಸ್‌ಗಳನ್ನು ತರುವವರು ಯಾರು?"

"ನೀವು ಕೊಳ್ಳುತ್ತೀರಿ ಅಂತ ನಮ್ಮ ಯಜಮಾನರು ಅಂದುಕೊಂಡಿದ್ದಾರೆ."

ಬಡಿಸುವ ಚಮಚಗಳ ಸದ್ದು ನಿಂತಿತ್ತು. ಆಕೆ ಬದರೀನಾಥರತ್ತ ನೋಡಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ಕಳೆದ ವರ್ಷ ನಮಗೆ ಅಂಕ ಕೊಡುವವರು ಬಂದಾಗ, ನೀವು ಹೇಳಿಕೊಟ್ಟ ಹಾಗೆ, ತೆರಿಗೆ ಇಲಾಖೆಯ ಗುಮಾಸ್ತರನ್ನು ತಂದು ನಾನೇ ಕಿಟಕಿಯ ಹಿಂದೆ ಕೂರಿಸಿದ್ದೆ. ಆದ್ದರಿಂದ ನಿನ್ನೆ ಗೇಟಿನ ಹೂವಿನ ಕುಂಡ ನೋಡಿದಾಗಲೇ ನನಗೆ ಅನುಮಾನ ಬಂತು. ಸಿಟ್ಟು ನನಗೆ ಅದಕ್ಕಲ್ಲ. ಮೀನಿನ ಹೆಂಗಸರು ಸಂತೆಯ ದಿನ ನನ್ನ ದಾರಿಗೆ ಅಡ್ಡ ನಿಂತು, ಕಾರ್ಖಾನೆ ಯಾವಾಗ ಬರುತ್ತದೆ, ಇಲ್ಲದಿದ್ದರೆ ನಮ್ಮ ಮರಳು ಕೊಡು ಎನ್ನುತ್ತಾರೆ. ಅವರಿಗೆ ಏನು ಹೇಳಲಿ?"

ಬದರೀನಾಥರು ಪರದೆಯ ಗೆರೆಗಳತ್ತ ಕೈ ತೋರಿಸಿದರು. "ಮೇಡಂ, ಇದು ಜಾಗತಿಕ ಮಾಂದ್ಯ. ಇನ್ನೊಂದು ವರ್ಷ ಸಮಯ ಕೊಟ್ಟರೆ ವಾತಾವರಣ..."

"ಅವರಿಗೆ ಏನು ಹೇಳ್ಲಿ ಅಂತ ಕೇಳ್ತಿದಾರೆ ರೀ," ಎಂದರು ಪದ್ಮ ಆಂಟಿ ಹಿಂದಿನಿಂದ, ಕನ್ನಡದಲ್ಲಿ. "ಅದಕ್ಕೆ ಉತ್ತರ ಕೊಡಿ."

ಅವರು ಪರದೆಯನ್ನು ಸುತ್ತಿಡಲು ಹೋದರು. ಸಾರೂ ಅವರು ಕುಳಿತು ಊಟ ಮಾಡಿದರು. ಬಿಸಿಬೇಳೆಬಾತು ಎರಡನೆಯ ಸಲ ಹಾಕಿಸಿಕೊಂಡರು, ಅಮ್ಮನ ಕೋಸಂಬರಿಯನ್ನು ಹೊಗಳಿದರು, ಟ್ಯಾಕ್ಸಿ ಕರೆಸಿಕೊಂಡು ಹೋದರು. ಸೆಪ್ಟೆಂಬರಿನಲ್ಲಿ ಗುತ್ತಿಗೆ ಮುಗಿಯಿತು. ಮುಂದುವರಿಸಲಿಲ್ಲ.

ನಮ್ಮವರು ಇದರಿಂದ ಕಲಿತದ್ದೇನು ಎಂದು ಯಾರಾದರೂ ಕೇಳಬಹುದು. ದಸರಾ ಕಾರ್ಯಕ್ರಮದಲ್ಲಿ ನಾನು ಕಿವಿಗೊಟ್ಟು ಕೇಳಿದೆ. "ಅವನು ಮೀಸೆ ತೆಗ್ದಿದ್ರೆ ಆಗ್ಬಿಡೋದು ರೀ" ಎಂದರು ಒಬ್ಬರು. "ಹಳ್ಳಿ ಬುದ್ಧಿ, ಏನ್ಮಾಡೋದು" ಎಂದರು ಇನ್ನೊಬ್ಬರು. ಡಾಕ್ಟರ್ ಶೇಷಾದ್ರಿ ತಟ್ಟೆ ಕೆಳಗಿಟ್ಟು, "ನಾನು ಹಾಕೋಣ ಅಂತ್ಲೇ ಇದ್ದೆ. ಅಷ್ಟ್ರಲ್ಲಿ ಹೀಗಾಯ್ತು" ಎಂದರು. ಎಲ್ಲರೂ ಅಯ್ಯೋ ಎಂದು ಮರುಗಿದರು. ಡಾಕ್ಟರು ಹಾಕಿದ್ದರೆ ಅವರೂ ಹಾಕುವವರಿದ್ದರಲ್ಲ.

ಡಂಬ್ರೌಸ್ಕಿಯವರ ಪ್ರೆಸ್‌ಗಳು ಚಳಿಗಾಲದಲ್ಲಿ ಗುಜರಿಗೆ ಹೋದವು. ವೆಂಕಟರಾಮು ಅವುಗಳನ್ನು ಟ್ರಕ್ಕಿಗೆ ಏರಿಸಲು ಹೋಗಿದ್ದರು, ಆ ದಿನ ಮಾತ್ರ ಕೂಲಿ ಸಿಕ್ಕಿತು. ಲೊವಾರಿಯಾದಲ್ಲಿ ಬೇಲಿ ತೆಗೆದು ಹೆಂಗಸರಿಗೆ ಆ ಜಾಗ ವಾಪಸು ಕೊಟ್ಟರಂತೆ. ಡಾಂಬರಿನ ಮೇಲೆ ಮೀನು ಬೇಗ ಒಣಗುತ್ತದೆ, ಆದರೆ ಡಾಂಬರಿನ ವಾಸನೆ ಹಿಡಿಯುತ್ತದೆ, ಬೆಲೆ ಕಡಿಮೆ. ಬದರೀನಾಥರು ತಮ್ಮ ಪರಿಚಯ ಪತ್ರಿಕೆಯಲ್ಲಿ ಹೊಸ ಸಾಲೊಂದನ್ನು ಸೇರಿಸಿದರು: ಲೊವಾರಿಯಾದ ಮೀನುಗಾರಿಕೆ ವಲಯಕ್ಕೆ ಆಧುನಿಕ ಒಣಗಿಸುವ ಅಂಗಳ ಒದಗಿಸಿದ್ದು. ಅದನ್ನು ಅವರು ಬೇರೆ ಸಣ್ಣ ದೇಶಗಳಿಗೆಲ್ಲ ಕಳಿಸಿದರು. ಯಾವ ದೇಶವೂ ಉತ್ತರ ಬರೆಯಲಿಲ್ಲ.

ಪದ್ಮ ಆಂಟಿ ಆಸ್ಪತ್ರೆಯ ಲ್ಯಾಬಿನಲ್ಲಿ ಎರಡು ಪಾಳಿ ದುಡಿಯತೊಡಗಿದರು. ಮುಂದಿನ ಮೇ ತಿಂಗಳಲ್ಲಿ ಬದರೀನಾಥರು ನಮ್ಮ ಸಬ್‌ಡಿವಿಷನ್ನಿನಲ್ಲಿ, ಎಂದರೆ ಬಡಾವಣೆಯಲ್ಲಿ, ಕಾಣಿಸಿಕೊಂಡರು. ಕೊರಳಲ್ಲಿ ಗುರುತಿನ ಚೀಟಿ, ಹೆಗಲಿಗೆ ಕಪ್ಪು ಚೀಲ. ಆ ವರ್ಷದ ಜನಗಣತಿಯಲ್ಲಿ ಅಂಚೆಯಲ್ಲಿ ಉತ್ತರ ಕಳಿಸದ ಮನೆಗಳಿಗೆ ಹೋಗಿ ಕೇಳುವ ತಾತ್ಕಾಲಿಕ ಕೆಲಸ. ನಾವು ಕಳಿಸಿರಲಿಲ್ಲ. ಅಮ್ಮ ಬಾಗಿಲು ತೆರೆದು ಮುಜುಗರಪಟ್ಟರು.

"ಓ, ನೀವಾ! ಬನ್ನಿ ಒಳಗೆ, ಕಾಫಿ ಕುಡಿದು ಹೋಗಿ."

"ಒಳಗೆ ಬರೋ ಹಾಗಿಲ್ಲಮ್ಮ, ರೂಲ್ಸು. ಏನೂ ತಗೊಳ್ಳೋ ಹಾಗಿಲ್ಲ." ಪೆನ್ನು ಒಂದೆರಡು ಸಲ ಗೀಚಿ ನೋಡಿದರು. "ಲೊವಾರಿಯಾ ಏನಿದ್ರೂ ಚಿಕ್ಕದು, ಸ್ಕೋಪ್ ಇರ್ಲಿಲ್ಲ. ಇದು ನೋಡಿ, ಇಡೀ ಅಮೆರಿಕಾ."

ಮನೆಯಲ್ಲಿ ಎಷ್ಟು ಜನ ಎಂದು ಅವರು ಕೇಳಿದರು. ನಾಲ್ಕು ಎಂದು ಅಮ್ಮ ಹೇಳಿದರು. ಅವರು ನಾಲ್ಕು ಎಂದೇ ಬರೆದುಕೊಂಡು, ಬಿಸಿಲಿನಲ್ಲಿ ಪಕ್ಕದ ಮನೆಯ ಕಡೆ ನಡೆದರು.